ಓದದೆ ಉಳಿದ ಮೂರನೆಯ ಓಲೆ

ಮಂಜಿನೊಳಗಿಂದ ಮೊದಲು ಹೆಜ್ಜೆಯ ಸದ್ದು ಬಂತು. ಆಮೇಲೆ ಮನುಷ್ಯ ಕಾಣಿಸಿದ.

ಚಾಮುಂಡಿಬೆಟ್ಟದ ಮುನ್ನೂರನೆಯ ಮೆಟ್ಟಿಲಿನ ಆಸುಪಾಸು. ಲೂರ್ದಮ್ಮ ಉಸಿರು ತೆಗೆದುಕೊಳ್ಳಲು ಪಕ್ಕದ ಬಂಡೆಗೆ ಒರಗಿ ನಿಂತಿದ್ದಳು. ಮೇಲಿನಿಂದ ಯಾರೋ ಇಳಿದು ಬರುತ್ತಿದ್ದರು. ಅವಸರವಿಲ್ಲದ, ಒಂದೇ ಅಳತೆಯ ಹೆಜ್ಜೆ. ಎಡಗಾಲು ಮಾತ್ರ ತುಸು ಹೊರಕ್ಕೆ ಬೀಳುತ್ತಿತ್ತು.

ಆ ನಡಿಗೆ ಅವಳಿಗೆ ಗೊತ್ತಿತ್ತು. ಮೂವತ್ತು ವರ್ಷದಿಂದ ಕೇಳಿರಲಿಲ್ಲ, ಅಷ್ಟೇ.

ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಕೆನ್ನೆ ಒಳಗೆ ಹೋಗಿತ್ತು. ಕೈಗೊಂದು ಬೆತ್ತ ಬಂದಿತ್ತು. ಆದರೆ ಅದೇ ಅಗಲವಾದ ಹಣೆ, ಅದೇ ನೇರ ಬೆನ್ನು.

ಸಂತಿಯಾಗು...

ಎದೆ ಹೊಡೆದುಕೊಳ್ಳುತ್ತಿರುವುದು ಮೆಟ್ಟಿಲು ಹತ್ತಿದ್ದಕ್ಕೋ ಬೇರೆಯದಕ್ಕೋ ಅವಳಿಗೇ ತಿಳಿಯಲಿಲ್ಲ. ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು. ಕನ್ನಡಕ ಸರಿಮಾಡಿಕೊಂಡಳು. ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯ ಗದ್ದಲವನ್ನು ಒಂದೇ ಮಾತಿನಲ್ಲಿ ಅಡಗಿಸಿದವಳಿಗೆ ಈಗ ಒಂದು ಹೆಸರು ಕರೆಯುವುದೇ ಕಷ್ಟವಾಗಿತ್ತು.

ಅವನು ನಾಲ್ಕು ಮೆಟ್ಟಿಲಿನ ದೂರಕ್ಕೆ ಬಂದಾಗ ಹೇಗೋ ಕೇಳಿಬಿಟ್ಟಳು.

"ಸಂತಿಯಾಗು ಅವರಲ್ಲವೇ?"

ಅವನ ತುಟಿ ಅಲುಗುತ್ತಿತ್ತು. ಏನೋ ಗೊಣಗಿಕೊಳ್ಳುತ್ತಿದ್ದ. ಅವಳ ಮಾತು ಕಿವಿಗೆ ಬಿದ್ದದ್ದು ನಿಜ, ಹುಬ್ಬು ಒಮ್ಮೆ ಗಂಟಾಯಿತು. ಆದರೆ ಕತ್ತು ತಿರುಗಲಿಲ್ಲ. ಕೈಚಾಚಿದರೆ ಎಟಕುವಷ್ಟು ಹತ್ತಿರದಲ್ಲಿ ಹಾದುಹೋದ. ಮಂಜು ಅವನನ್ನು ಮುಚ್ಚಿಕೊಂಡಿತು.

ಲೂರ್ದಮ್ಮ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

'ಇಷ್ಟು ವರ್ಷದ ಮೇಲೂ... ತಲೆ ತಿರುಗಿಸಿ ನೋಡುವಷ್ಟು ಕೂಡ ಯೋಗ್ಯಳಲ್ಲವೇ ನಾನು?'

ಕೆಳಗಿನಿಂದ ಶಿವನಂಜಮ್ಮ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಇಡುತ್ತಾ ಬರುತ್ತಿದ್ದಳು. ಒಂಟಿಕೊಪ್ಪಲಿನಲ್ಲಿ ಲೂರ್ದಮ್ಮನ ಮನೆಯ ಪಕ್ಕದ ಹಟ್ಟಿಯವಳು, ನಾಲ್ಕು ಎಮ್ಮೆಯ ಒಡತಿ. ಮೊಮ್ಮಗ ಹುಟ್ಟಲೆಂದು ಹೊತ್ತ ಹರಕೆ ಅವಳದು. ಡಾಕ್ಟರು ನಡೆಯಿರಿ ಎಂದದ್ದಕ್ಕೆ ನಡೆಯುವವಳು ಲೂರ್ದಮ್ಮ. ಕಾರಣ ಬೇರೆ, ಬೆಟ್ಟ ಒಂದೇ.

"ಯಾರು ಮೇಷ್ಟ್ರಮ್ಮ ಅವ್ರು? ಹಿಂಗ್ ಕೂತ್ಬುಟ್ರಿ?"

"ಯಾರೂ ಇಲ್ಲ. ಉಸಿರು ಕಟ್ಟಿತು."

"ಉಸುರು ಕಟ್ಟಿದ್ರೆ ಮೂಗು ಕೆಂಪಾಯ್ತದೆ. ನಿಮ್ಗೆ ಕಣ್ಣು ಯಾಕ್ ಕೆಂಪಾಗದೆ?"

ಲೂರ್ದಮ್ಮ ಆವತ್ತು ಇನ್ನೊಂದು ಮೆಟ್ಟಿಲೂ ಹತ್ತಲಿಲ್ಲ. ಶಿವನಂಜಮ್ಮ ಉಳಿದ ಹರಕೆಯನ್ನು ಮುಂದಿನ ಶುಕ್ರವಾರಕ್ಕೆ ದೇವಿಯ ಹತ್ತಿರ ಸಾಲ ಹೇಳಿ ಜೊತೆಗೇ ಇಳಿದಳು. ಲೂರ್ದಮ್ಮ ಕೆಳಗಿನವರೆಗೂ ತಲೆಯೆತ್ತದೆ, ತನ್ನ ಕಾಲನ್ನಷ್ಟೇ ನೋಡುತ್ತಾ ನಡೆದಳು.

ಅದು ಸಾವಿರದ ಒಂಬೈನೂರ ಮೂವತ್ತಾರರ ಜನವರಿ. ಅವಳಿಗೆ ಐವತ್ತನಾಲ್ಕು.

ಹಿಂದಿನ ವರ್ಷ ಎದೆಯ ತೊಂದರೆಯಿಂದ ಕೆಲಸ ಬಿಟ್ಟಿದ್ದಳು. ಅಲ್ಲಿಯವರೆಗೆ ಅವಳ ಲೋಕಕ್ಕೆ ಮೂರೇ ಮೂಲೆ. ಮನೆ, ಶಾಲೆ, ದೇವಾಲಯ. ನಡೆಯಲು ಶುರುಮಾಡಿದ ಮೇಲೆ ಗೊತ್ತಾಯಿತು, ಹುಟ್ಟಿದ ಊರನ್ನೇ ತಾನು ನೋಡಿರಲಿಲ್ಲವೆಂದು. ಕುಕ್ಕರಹಳ್ಳಿ ಕೆರೆಯ ಮೇಲೆ ಬೆಳಕು ಬರುವ ಮೊದಲೇ ನೀರುಕಾಗೆಗಳು ರೆಕ್ಕೆ ಹರಡಿಕೊಂಡು ಕೂರುತ್ತವೆಂದು ಅವಳಿಗೆ ಗೊತ್ತಿರಲಿಲ್ಲ. ಬೆಟ್ಟದ ಬಂಡೆ ಬೆಳಿಗ್ಗೆ ಒದ್ದೆಯಾಗಿದ್ದು, ಹತ್ತು ಗಂಟೆಗೆ ಬೆಚ್ಚಗಾಗಿ, ಒಂದು ಬಗೆಯ ಹಸಿ ವಾಸನೆ ಬಿಡುತ್ತದೆಂದೂ ಗೊತ್ತಿರಲಿಲ್ಲ.

ಪ್ರಾಯದಲ್ಲಿ ನಡೆಯುವವರು ಎಲ್ಲಿಗೋ ತಲುಪಲು ನಡೆಯುತ್ತಾರೆ. ಈ ವಯಸ್ಸಿನಲ್ಲಿ ಮಂಡಿ ಹೇಳಿದಲ್ಲಿ ನಿಲ್ಲಬೇಕು. ನಿಂತಲ್ಲೇ ಏನಾದರೂ ಕಾಣುತ್ತದೆ. ಒಂದು ಇರುವೆ ಸಾಲು. ಬಂಡೆಯ ಬಿರುಕಿನಲ್ಲಿ ಹುಟ್ಟಿದ ಗರಿಕೆ. ಆದರೂ ಸುಖದ ಜೊತೆಗೇ ಒಂದು ಚುಚ್ಚುವ ಯೋಚನೆ ಬರುತ್ತಿತ್ತು.

'ಇದನ್ನೆಲ್ಲ ಅವನು ಅವತ್ತೇ ತೋರಿಸುತ್ತೇನೆ ಅಂದಿದ್ದ.'

ಸಂತಿಯಾಗು ಸರ್ವೆ ಖಾತೆಯವನು. ಅಳತೆಯ ಸರಪಳಿ ಹಿಡಿದು ಕಾಡು, ಬೆಟ್ಟ, ಹೊಲ ಅಳೆಯುತ್ತಾ ವರ್ಷದಲ್ಲಿ ಎಂಟು ತಿಂಗಳು ಡೇರೆಯಲ್ಲಿ ಇರುವ ಕೆಲಸ. ಸಾವಿರದ ಒಂಬೈನೂರ ಆರರಲ್ಲಿ ಎರಡು ಮನೆಯ ಹಿರಿಯರು ಕೂತು ಮಾತು ಮುಗಿಸಿದ್ದರು. ಅವಳಿಗೆ ಇಪ್ಪತ್ತನಾಲ್ಕು, ಅವನಿಗೆ ಇಪ್ಪತ್ತೆಂಟು. ಮೂರು ಸಲ ಭೇಟಿಯಾಗಿದ್ದರು, ಅದೂ ಮನೆಯವರ ಎದುರಿಗೆ. ಬೆಟ್ಟದ ತುದಿಯಲ್ಲಿ ಡೇರೆ ಹಾಕಿದರೆ ಬೆಳಿಗ್ಗೆ ಮೋಡ ಕಾಲ ಕೆಳಗಿರುತ್ತದೆ ಎಂದು ಅವನು ಹೇಳಿದಾಗ ಅವಳಿಗೆ ಆಸೆಯಾಗಿತ್ತು. ಭಯವೂ ಆಗಿತ್ತು. ಕಾಡುಜ್ವರ, ಹುಲಿ, ಹೆಸರು ಗೊತ್ತಿಲ್ಲದ ಊರು. ಅವಳು ಸಣ್ಣವಳಿದ್ದಾಗಿನಿಂದಲೂ ಬಾಗಿಲ ಚಿಲಕವನ್ನು ಎರಡು ಸಲ ನೋಡಿ ಮಲಗುವವಳು.

ಕಥೋಲಿಕರಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ, ಪೂಜೆಯ ನಡುವೆ, ಗುರುಗಳು ಗಂಡು ಹೆಣ್ಣಿನ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಈ ಮದುವೆಗೆ ಅಡ್ಡಿ ಗೊತ್ತಿದ್ದವರು ಹೇಳಲಿ ಎಂದು. ಅದಕ್ಕೆ ಓಲೆ ಓದುವುದು ಎನ್ನುತ್ತಾರೆ. ತನ್ನ ಓಲೆಯನ್ನು ತಾನೇ ಕೇಳಬಾರದೆಂದು ಅವರ ಮನೆಗಳಲ್ಲಿ ರೂಢಿ. ಹೆಣ್ಣೂ ಗಂಡೂ ಆ ಪೂಜೆಗೆ ಹೋಗುವುದಿಲ್ಲ.

ಮೊದಲ ಓಲೆ ಆಯಿತು. ಎರಡನೆಯದೂ ಆಯಿತು.

ಆ ವಾರ ಊರಿನಲ್ಲಿ ಪ್ಲೇಗು ಮತ್ತೆ ಹೆಡೆಯೆತ್ತಿತು. ಲೂರ್ದಮ್ಮನ ತಂಗಿ ತೆರೇಸಳ ಕಂಕುಳಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಹೊರಗೆ ಗೊತ್ತಾದರೆ ಹುಡುಗಿಯನ್ನು ಊರಾಚೆಯ ಪ್ಲೇಗಿನ ಶೆಡ್ಡಿಗೆ ಹೊತ್ತೊಯ್ಯುತ್ತಾರೆ. ಹಾಗೆ ಹೋದವರು ತಿರುಗಿ ಬಂದದ್ದನ್ನು ಅವರ ಬೀದಿಯವರು ಕಂಡಿರಲಿಲ್ಲ. ತಾಯಿ ಬಾಗಿಲು ಹಾಕಿ, ಹುಡುಗಿಯನ್ನು ಒಳಕೋಣೆಯಲ್ಲಿ ಮಲಗಿಸಿ, ಯಾರಿಗೂ ಹೇಳಬೇಡವೆಂದು ಲೂರ್ದಮ್ಮನಿಂದ ಆಣೆ ಮಾಡಿಸಿಕೊಂಡಳು.

ಶನಿವಾರ ಸಂಜೆ ಲೂರ್ದಮ್ಮ ಒಬ್ಬಳೇ ಗುರುಗಳ ಬಳಿ ಹೋದಳು. ಮೂರನೆಯ ಓಲೆಯನ್ನು ಒಂದು ವಾರ ತಡೆಯಿರಿ ಎಂದಳು. ಕಾರಣವನ್ನು ಪಾಪನಿವೇದನೆಯಲ್ಲಿ ಹೇಳುವಂತೆ ಪಿಸುಮಾತಿನಲ್ಲಿ ಹೇಳಿದಳು. ಸಂತಿಯಾಗು ಒಬ್ಬನಿಗೆ ಮಾತ್ರ ನೀವೇ ತಿಳಿಸಿ ಎಂದು ಕೇಳಿಕೊಂಡಳು. ಮುದುಕ ಗುರುಗಳು ಒಪ್ಪಿದರು.

ಸೋಮವಾರ ಅವಳಿಗೆ ಸುದ್ದಿ ಬಂತು. ಸಂತಿಯಾಗು ಭಾನುವಾರವೇ ಗಾಡಿ ಕಟ್ಟಿಸಿಕೊಂಡು ಪಡುವಣ ಕಾಡಿನ ಡೇರೆಗೆ ಹೊರಟುಹೋಗಿದ್ದ.

ಪ್ಲೇಗಿನ ಮನೆಯ ಹೆಣ್ಣೆಂದು ತಿಳಿದು ಓಡಿಹೋದ. ಅವಳಿಗೆ ತಿಳಿದದ್ದು ಅಷ್ಟೇ. ಹನ್ನೊಂದನೆಯ ದಿನ ತೆರೇಸ ಹೋದಳು. ಗುರುಗಳಿಗೂ ಅದೇ ಕಾಯಿಲೆ ತಗುಲಿ, ತೆರೇಸಳಿಗಿಂತ ಮೊದಲೇ ತೀರಿಕೊಂಡಿದ್ದರು. ಕೇಳಲು ಯಾರೂ ಉಳಿದಿರಲಿಲ್ಲ. ಲೂರ್ದಮ್ಮ ಮತ್ತೆ ಯಾವ ಗಂಡಿನ ಮುಂದೆಯೂ ಕೂರಲಿಲ್ಲ.

ಆ ಸಂತಿಯಾಗುವೇ ಈಗ ಬೆಟ್ಟದ ಮೇಲೆ ಕಲ್ಲಿನಂತೆ ಹಾದುಹೋಗಿದ್ದ.

ಆ ವಾರ ಅವಳು ಬೆಟ್ಟದ ಕಡೆ ಸುಳಿಯಲಿಲ್ಲ. ಕೆರೆ ಏರಿಯ ಮೇಲೆ ನಡೆದಳು. ನಾಲ್ಕನೆಯ ದಿನ ಅಲ್ಲಿಯೂ ಅದೇ ಬೆನ್ನು, ಅದೇ ಹೆಜ್ಜೆ. ತಿರುಗಿ ಹೋಗಿಬಿಡೋಣವೆಂದು ನಿಂತಳು. ಅಷ್ಟರಲ್ಲಿ ಎಡಗಡೆಯ ಇಳಿಜಾರಿನಿಂದ ಎಮ್ಮೆಗಳ ಹಿಂಡು ನೀರಿಗೆ ನುಗ್ಗಿ ಬಂತು. ಎಲ್ಲರೂ ಸರಿದರು. ಅವನು ಸರಿಯಲಿಲ್ಲ. ನೇರ ಎಮ್ಮೆಯ ಕೊಂಬಿನತ್ತಲೇ ಹೆಜ್ಜೆ ಹಾಕುತ್ತಿದ್ದ.

ಲೂರ್ದಮ್ಮ ಓಡಿದಳು. ಎದೆಯ ಡಾಕ್ಟರು ಓಡಬೇಡಿ ಎಂದದ್ದು ನೆನಪಾಗಲಿಲ್ಲ. ಅವನ ಕೋಟಿನ ತೋಳು ಹಿಡಿದು ಜಗ್ಗಿದಳು.

"ಕ್ಷಮಿಸಿ ತಾಯಿ," ಅವನು ತಡವರಿಸಿದ. "ಪಕ್ಕದ್ದು ನನಗೆ ಕಾಣಲ್ಲ. ಎದುರಿಗೆ ಇಷ್ಟು ಮಾತ್ರ." ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಬಳೆಯಷ್ಟು ಸುತ್ತು ಮಾಡಿ ತೋರಿಸಿದ. "ಕೆರೆ ಏರಿ ಇನ್ನೂರು ಹೆಜ್ಜೆ ಉಳಿದಿತ್ತು. ಎಣಿಕೆ ತಪ್ಪಿಹೋಯ್ತು."

ಲೂರ್ದಮ್ಮನ ಕೈ ಅವನ ತೋಳಿನ ಮೇಲೇ ಉಳಿಯಿತು.

ಎಣಿಸುತ್ತಿದ್ದ... ಬೆಟ್ಟದ ಮೇಲೂ ತುಟಿ ಅಲುಗುತ್ತಿದ್ದದ್ದು ಅದಕ್ಕೆ. ಕಾಣದ್ದಕ್ಕೆ ತಿರುಗಲಿಲ್ಲ!

"ನಾನು ಲೂರ್ದಮ್ಮ," ಎಂದಳು.

ಅವನು ದನಿ ಬಂದತ್ತ ಮುಖ ತಿರುಗಿಸಿದ. ಎಮ್ಮೆಗಳು ನೀರಿಗಿಳಿದವು. ಹೆಜ್ಜಾರ್ಲೆಯೊಂದು ಭಾರವಾಗಿ ಎದ್ದು ಹಾರಿತು.

"ಮೊನ್ನೆ ಮೆಟ್ಟಿಲ ಮೇಲೆ ಕರೆದದ್ದು..."

"ನಾನೇ."

"ಏಳುನೂರರವರೆಗೆ ಎಣಿಸಿದ್ದೆ. ಬಿಟ್ಟರೆ ಮತ್ತೆ ತುದಿಯಿಂದ ಶುರುಮಾಡಬೇಕು ಅಂತ ನಿಲ್ಲಲಿಲ್ಲ. ಕೆಳಗೆ ಹೋದ ಮೇಲೆ ಕಟ್ಟೆಯ ಮೇಲೆ ಒಂದು ಗಂಟೆ ಕಾದೆ. ಇಳಿದು ಬರುವವರ ಮುಖವನ್ನೆಲ್ಲ ನೋಡೋಕೆ ಪ್ರಯತ್ನಪಟ್ಟೆ. ಒಂದೂ ಪೂರ್ತಿ ಸಿಗಲಿಲ್ಲ."

ತಾನು ತಲೆ ತಗ್ಗಿಸಿಕೊಂಡು ಅದೇ ಕಟ್ಟೆಯ ಮುಂದೆ ಹಾದುಬಂದದ್ದು ಲೂರ್ದಮ್ಮನಿಗೆ ನೆನಪಾಯಿತು. ಹೇಳಲಿಲ್ಲ.

ಏರಿಯ ಕಲ್ಲಿನ ಮೇಲೆ ಕುಳಿತು ಅವನು ಉಳಿದದ್ದನ್ನು ಹೇಳಿದ. ಕಣ್ಣಿನ ಒಳಗಿನ ಒತ್ತಡವಂತೆ. ಬೆಂಗಳೂರಿನ ಡಾಕ್ಟರು ಕೈಚೆಲ್ಲಿದ್ದರು. ಅಂಚಿನಿಂದ ಕತ್ತಲೆ ಬರುತ್ತಾ ಬರುತ್ತಾ ನಡುವೆ ಸ್ವಲ್ಪ ಉಳಿದಿದೆ, ವರ್ಷದೊಳಗೆ ಅದೂ ಹೋಗುತ್ತದೆ. ಹೆಂಡತಿ ತೀರಿಕೊಂಡು ಆರು ವರ್ಷ. ಪೆನ್ಷನ್ ಆದಮೇಲೆ ಶಿವಮೊಗ್ಗದಲ್ಲಿದ್ದವನು ಎರಡು ತಿಂಗಳ ಹಿಂದೆ ಲಷ್ಕರ್ ಮೊಹಲ್ಲದಲ್ಲಿ ಒಂದು ಮನೆ ಹಿಡಿದಿದ್ದ. ಒಬ್ಬಳೇ ಮಗಳು ಪುಷ್ಪಮೇರಿ ಕೋಲಾರದ ಚಿನ್ನದ ಗಣಿಯ ಊರಿನಲ್ಲಿದ್ದಳು. ಅಳಿಯನಿಗೆ ಅಲ್ಲಿ ಆಫೀಸಿನ ಕೆಲಸ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಮೊದಲು ಅವಳು ಬಂದು ತಂದೆಯನ್ನು ಕರೆದೊಯ್ಯುವುದೆಂದು ತೀರ್ಮಾನವಾಗಿತ್ತು.

"ಅಲ್ಲಿ ನಡೆಯೋಕೆ ಏನಿದೆ ಹೇಳಿ, ಬರೀ ಗಣಿ ಮಣ್ಣಿನ ದಿಬ್ಬ. ಮಂಚದ ಮೇಲೆ ಕೂತಿರಬೇಕು," ಎಂದ. "ಅದಕ್ಕೇ ಈಗ ಎಣಿಸಿಟ್ಟುಕೊಳ್ತಿದ್ದೀನಿ. ಎಷ್ಟನೇ ಹೆಜ್ಜೆಗೆ ಯಾವ ಮರ, ಎಲ್ಲಿ ತಿರುವು, ಎಲ್ಲಿ ನೀರು ಕಾಣುತ್ತೆ. ಕಣ್ಣು ಹೋದಮೇಲೆ ಕೂತಲ್ಲೇ ಒಂದೊಂದೇ ಹೆಜ್ಜೆ ಎಣಿಸಿದರೆ ದಾರಿ ತಾನಾಗಿ ಬರುತ್ತೆ. ನನ್ನ ಕೆಲಸವೇ ಅದಲ್ಲವೇ?"

ಅವನು ನಗುತ್ತಾ ಹೇಳಿದ. ಅವಳಿಗೆ ನಗು ಬರಲಿಲ್ಲ.

ಆಮೇಲಿನ ದಿನಗಳಲ್ಲಿ ಅವರು ಮೂವರು ನಡೆದರು. ಶಿವನಂಜಮ್ಮ ಒಂದು ಮಾತೂ ಕೇಳದೆ ಜೊತೆಗೆ ಬಂದಳು. ಮುಂದೆ ಮುಂದೆ ಹೋಗುತ್ತಾ ಎಮ್ಮೆ, ಗುಂಡಿ, ಸೈಕಲ್ಲು ಎಂದು ಕೂಗಿ ಹೇಳುವ ಕೆಲಸವನ್ನು ತಾನೇ ಹೊತ್ತುಕೊಂಡಳು. ಅವನು ಎಣಿಸುವಾಗ ಯಾರೂ ಮಾತಾಡುತ್ತಿರಲಿಲ್ಲ. ನಿಂತಾಗ ಅವನು ಕೇಳುತ್ತಿದ್ದ, ಬಲಗಡೆ ಏನಿದೆ ಎಂದು. ಲೂರ್ದಮ್ಮ ಹೇಳುತ್ತಿದ್ದಳು. ಹೊಂಗೆ ಮರ, ಎಲೆ ಉದುರಿದೆ. ಗೂಡೊಂದು ಖಾಲಿ ಇದೆ. ಮಾತನ್ನು ಆರಿಸಿ ಆರಿಸಿ ಹೇಳುತ್ತಿದ್ದಳು, ಅವನು ಅದನ್ನೇ ಹೊತ್ತು ಹೋಗುವವನೆಂದು.

ಆದರೆ ಹೇಳಲೇಬೇಕಾದ ಮಾತು ಹೊರಗೆ ಬರಲಿಲ್ಲ. ಯಾಕೆ ಓಡಿಹೋದಿರಿ? ಅವನೂ ಏನನ್ನೋ ಕೇಳಲು ಬಾಯಿ ತೆರೆದು ಸುಮ್ಮನಾಗುತ್ತಿದ್ದ. ದಿನಗಳು ಮಾತ್ರ ಕಡಿಮೆಯಾಗುತ್ತಿದ್ದವು.

'ಹೀಗೇ ಹೊರಟುಹೋದರೆ? ಇನ್ನೊಂದು ಸಲ ಗೊತ್ತಾಗದೇ ಉಳಿದುಬಿಟ್ಟರೆ?' ದಾರಿಯುದ್ದಕ್ಕೂ ಅವಳ ಒಳಗೆ ಇದೊಂದೇ.

ಶಿವನಂಜಮ್ಮನ ತವರು ಇಲವಾಲ. ಅಣ್ಣನ ಮನೆಯಲ್ಲಿ ಅವರೆಕಾಳಿನ ಸಾರು, ಹಿಟ್ಟು, ಬೆಳಿಗ್ಗೆ ನಡೆದು ಹೋಗೋಣ, ಸಂಜೆ ಗಾಡಿಯಲ್ಲಿ ಬರೋಣ ಎಂದು ಆಕೆಯೇ ಹೊರಡಿಸಿದಳು. ಮಗಳು ಬರಲು ಮೂರು ದಿನವಿತ್ತು.

ಹುಣಸೂರು ರಸ್ತೆಯ ಆಲದ ಸಾಲಿನ ಕೆಳಗೆ ಇಬ್ಬನಿ ಮಳೆಯಂತೆ ತೊಟ್ಟಿಕ್ಕುತ್ತಿತ್ತು. ಕೊಯ್ದ ರಾಗಿ ಬಣವೆಗಳು, ಹೊಲದ ತುಂಬ ಅವರೆಯ ಸೊಗಡು. ಏಳು ಮೈಲಿ ನಡೆಯಲು ಅವರಿಗೆ ನಾಲ್ಕು ಗಂಟೆ ಹಿಡಿಯಿತು. ಅವನು ಆವತ್ತು ಎಣಿಸಲಿಲ್ಲ. ಯಾಕೆಂದು ಲೂರ್ದಮ್ಮ ಕೇಳಿದ್ದಕ್ಕೆ, ಈ ದಾರಿ ಸುಮ್ಮನೆ ನಡೆಯಬೇಕೆನಿಸಿತು ಎಂದ.

ಊಟವಾದ ಮೇಲೆ ಶಿವನಂಜಮ್ಮ ಅತ್ತಿಗೆಯ ಜೊತೆ ಹಿತ್ತಲಿಗೆ ಹೋದಳು. ಇಬ್ಬರೂ ಊರ ಹೊರಗಿನ ಬಂಡೆಯ ಮೇಲೆ ಕುಳಿತರು. ದೂರದಲ್ಲಿ ಚಾಮುಂಡಿಬೆಟ್ಟ ಒಂದು ಬೂದು ಗೆರೆಯಾಗಿ ಕಾಣುತ್ತಿತ್ತು. ಅವನು ತಲೆಯನ್ನು ಮೆಲ್ಲಗೆ ತಿರುಗಿಸುತ್ತಾ ಅದರ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ನೋಡಿ ಮುಗಿಸಿ, ಅತ್ತಲೇ ಮುಖ ಮಾಡಿಕೊಂಡು ಹೇಳಿದ.

"ಮೂರನೇ ಭಾನುವಾರ ನಾನು ದೇವಾಲಯದಲ್ಲಿದ್ದೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ನಮ್ಮ ಓಲೆಯನ್ನ ನಾವು ಕೇಳಬಾರದಲ್ಲ..."

"ಬಾರದು. ಮೂರು ವಾರವೂ ಹೋಗಿದ್ದೆ. ಹಿಂದಿನ ಬಾಗಿಲ ಹತ್ತಿರ ಗಂಟೆಯ ಹಗ್ಗದ ಪಕ್ಕ ನಿಂತಿರುತ್ತಿದ್ದೆ. ನಿಮ್ಮ ಹೆಸರು, ನನ್ನ ಹೆಸರು ಒಟ್ಟಿಗೆ ಹೇಗೆ ಕೇಳುತ್ತೆ ಅನ್ನೋ ಆಸೆ. ಎರಡು ವಾರ ಕೇಳಿದೆ. ಮೂರನೇ ವಾರ ಬೇರೆ ಯಾರದೋ ಓದಿ ಪುಸ್ತಕ ಮುಚ್ಚಿದರು."

ಪೂಜೆ ಮುಗಿದ ಮೇಲೆ ಗುರುಗಳು ಸಾಯುತ್ತಿದ್ದ ಯಾರನ್ನೋ ನೋಡಲು ಓಡಿದ್ದರು. ಅವನು ಗುರುಗಳಿಗೆ ನೆರವಾಗುತ್ತಿದ್ದ ದೇವಾಲಯದ ಉಪದೇಶಿಯನ್ನು ಕೇಳಿದ್ದ. ನಿನ್ನೆ ಸಂಜೆ ಹುಡುಗಿಯೇ ಬಂದು ಓಲೆ ನಿಲ್ಲಿಸಿ ಅಂದು ಹೋದಳು, ಕಾರಣ ಕೆದಕಬೇಡಪ್ಪ, ಅವಳ ಮಾನದ ಪ್ರಶ್ನೆ ಎಂದು ಉಪದೇಶಿ ಬುದ್ಧಿ ಹೇಳಿದ್ದ. ಅವನು ಕೆದಕಲಿಲ್ಲ. ಬರಬಾರದ ಪೂಜೆಗೆ ಬಂದಿದ್ದೆನೆಂದು ತನ್ನ ಮನೆಯಲ್ಲೂ ಹೇಳುವಂತಿರಲಿಲ್ಲ. ಆ ಮಧ್ಯಾಹ್ನವೇ ಗಾಡಿ ಹತ್ತಿದ್ದ.

ಲೂರ್ದಮ್ಮ ಅವನ ಕಡೆ ತಿರುಗಿದಳು.

"ಒಂದು ವಾರ ಅಂದಿದ್ದೆ ನಾನು. ಒಂದೇ ಒಂದು ವಾರ. ತೆರೇಸಳಿಗೆ ಗೆಡ್ಡೆ ಕಟ್ಟಿತ್ತು. ಹೊರಗೆ ಬಾಯಿಬಿಟ್ಟರೆ ಅವಳನ್ನ ಶೆಡ್ಡಿಗೆ ಒಯ್ಯುತ್ತಿದ್ದರು. ನಿಮಗೆ ಮಾತ್ರ ಹೇಳಿ ಅಂತ ಗುರುಗಳನ್ನ ಬೇಡಿಕೊಂಡೆ. ಅವರು ಹೇಳಿರಬೇಕು, ನೀವು ಕೇಳಿ ಓಡಿಹೋಗಿರಬೇಕು ಅಂತ... ಮೂವತ್ತು ವರ್ಷ ಹಾಗೇ ತಿಳಿದಿದ್ದೆ."

"ಪ್ಲೇಗಿಗೆ ಹೆದರಿ?"

"ಹೌದು."

"ನನ್ನನ್ನ ಹಾಗಂದುಕೊಂಡಿರಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವಳಿಂದ ತಡೆಯಲಾಗಲಿಲ್ಲ.

ಅವಳು ಅತ್ತಳು. ತೆರೇಸ ಸತ್ತಾಗ ತಾಯಿ ಅಳಲು ಬಿಟ್ಟಿರಲಿಲ್ಲ, ಸದ್ದು ಹೊರಗೆ ಕೇಳಬಾರದೆಂದು. ಆ ಅಳುವೂ ಇದರಲ್ಲಿ ಸೇರಿಕೊಂಡಿತು.

ಸ್ವಲ್ಪ ಹೊತ್ತಾದ ಮೇಲೆ ಅವಳು ಕನ್ನಡಕ ಒರೆಸಿಕೊಂಡಳು. ಇಲ್ಲಿಗೇ ನಿಲ್ಲಿಸಬಹುದಿತ್ತು. ತಪ್ಪು ಯಾರದೂ ಅಲ್ಲ, ವಿಧಿ ಎಂದು ಇಬ್ಬರೂ ಎದ್ದು ಹೋಗಬಹುದಿತ್ತು. ಆದರೆ ಯಾವ ಗುರುಗಳ ಕಿವಿಗೂ ಹಾಕದ ಒಂದು ಮಾತು ಒಳಗೆ ಉಳಿದಿತ್ತು.

"ಇನ್ನೂ ಇದೆ. ಓಲೆ ತಡೆಯಿರಿ ಅಂತ ಹೇಳಿ ಹೊರಗೆ ಬಂದಾಗ... ಎದೆ ಹಗುರವಾಯಿತು ನನಗೆ. ತಂಗಿ ಸಾಯುತ್ತಿದ್ದಾಳೆ, ನನಗೆ ಹಗುರ. ನಿಮ್ಮ ಡೇರೆ, ಕಾಡು, ಎಲ್ಲಕ್ಕೂ ಹೆದರಿದ್ದೆ. ಇನ್ನೊಂದು ವಾರ ಹೆದರಿಕೆ ಇಲ್ಲ ಅನ್ನಿಸಿತು. ಆ ಒಂದು ಗಳಿಗೆಗೆ ಇಷ್ಟು ವರ್ಷ ಶಿಕ್ಷೆ ಅಂತ ಅಂದುಕೊಂಡಿದ್ದೆ. ಅದಕ್ಕೇ ನಿಮಗೊಂದು ಕಾಗದವನ್ನೂ ಬರೆಯಲಿಲ್ಲ."

ಗಾಳಿ ಬೀಸಿತು. ರಾಗಿ ಹುಲ್ಲಿನ ಎಳೆಗಳು ಬಂಡೆಯ ಮೇಲೆ ಉರುಳಿ ಹೋದವು.

"ನಮ್ಮ ಮನೆಯಿಂದ ನಿಮ್ಮ ಮನೆಗೆ ಹತ್ತು ನಿಮಿಷದ ದಾರಿ," ಅವನು ಹೇಳಿದ. "ಬಂದು ಬಾಗಿಲು ತಟ್ಟಿದ್ದರೆ ಮುಗಿಯುತ್ತಿತ್ತು. ಅರ್ಧ ರಾಜ್ಯ ಅಳೆದೆ. ಆ ಹತ್ತು ನಿಮಿಷ ನಡೆಯಲಿಲ್ಲ. ನನಗೂ ಸೊಕ್ಕು."

ಅಷ್ಟರಲ್ಲಿ ಶಿವನಂಜಮ್ಮ ಗಾಡಿ ಕಟ್ಟಿದ್ದಾರೆಂದು ಕೂಗಿದಳು. ಒಂಟಿಕೊಪ್ಪಲಿನಲ್ಲಿ ಇಳಿಯುವಾಗ ಅವನು, ಪುಷ್ಪಮೇರಿ ಗುರುವಾರ ಬರುತ್ತಾಳೆ, ಶುಕ್ರವಾರ ಹೊರಡುವುದು ಎಂದ. ಲೂರ್ದಮ್ಮ ತಲೆಯಾಡಿಸಿದಳು. ಅವನಿಗೆ ಅದು ಕಂಡಿತೋ ಇಲ್ಲವೋ.

ಎರಡು ದಿನ ಅವಳು ಮನೆಯಿಂದ ಹೊರಗೆ ಹೋಗಲಿಲ್ಲ. ಮೂರನೆಯ ದಿನ ಹಾಲು ತಂದ ಶಿವನಂಜಮ್ಮ ಚೊಂಬು ಕೆಳಗಿಟ್ಟು ಹೊಸ್ತಿಲ ಮೇಲೆಯೇ ಕುಳಿತಳು.

"ನಾಳೀಕೆ ಹೊಂಟೋಯ್ತಾರಂತೆ ಅಳತೆ ಅಯ್ನೋರು."

"ಗೊತ್ತು."

"ಸುಮ್ನೆ ಕೂತಿದ್ದೀರಿ."

"ಈ ವಯಸ್ಸಿನಲ್ಲಿ ಏನು ಮಾಡಲಿ ಶಿವನಂಜಮ್ಮ? ಜನ ನಗುತ್ತಾರೆ."

"ನಗ್ಲಿ ಬುಡಿ. ನಮ್ಮೂರಲ್ಲಿ ನಗಕ್ಕೆ ಬ್ಯಾರೆ ಏನದೆ? ನಂದೂ ಮೂರು ಹೊತ್ತು ನಗ್ತಾರೆ, ಮೆಟ್ಲಿಗೆ ಕುಂಕ್ಮ ಬಳ್ಕಂಡು ಸೊಂಟ ಮುರ್ಕಂಡ್ಳು ಅಂತ." ಶಿವನಂಜಮ್ಮ ಎದ್ದಳು. "ನಂಗೆ ಓದು ಬರಕಿಲ್ಲ ಕಣಮ್ಮ. ಕೇಳೋದ್ನ ಬಾಯ್ಬಿಟ್ಟು ಕೇಳ್ತೀನಿ, ಅಷ್ಟೇಯ. ದೇವ್ರನ್ನೂ ಅಂಗೇ ಕೇಳೋದು."

ಗುರುವಾರ ಸಂಜೆ ನಾಲ್ಕಕ್ಕೆ ಲೂರ್ದಮ್ಮ ಲಷ್ಕರ್ ಮೊಹಲ್ಲದ ಆ ಮನೆಯ ಬಾಗಿಲು ತಟ್ಟಿದಳು. ದಾರಿಯಲ್ಲಿ ಎರಡು ಸಲ ಹಿಂದಿರುಗಿ ಹೊರಟು, ಎರಡು ಸಲವೂ ನಿಂತಿದ್ದಳು.

ಬಾಗಿಲು ತೆರೆದವಳು ಪುಷ್ಪಮೇರಿ. ಇಪ್ಪತ್ತಾರರ ಹೆಣ್ಣು, ತಂದೆಯದೇ ಹಣೆ. ಒಳಗೆ ಟ್ರಂಕು ಸಿದ್ಧವಾಗಿತ್ತು, ಹಾಸಿಗೆಯನ್ನು ಸುರುಳಿ ಸುತ್ತಿ ಹಗ್ಗ ಬಿಗಿದಿತ್ತು. ಗೋಡೆಯ ಮೇಲೆ ಅವಳ ತಾಯಿಯ ಪಟ. ಸಂತಿಯಾಗು ಕಿಟಕಿಯ ಬಳಿ ಕುರ್ಚಿಯಲ್ಲಿದ್ದ. ಹೆಜ್ಜೆ ಕೇಳಿಯೇ ಎದ್ದು ನಿಂತ.

ಅಪ್ಪ ನಿಮ್ಮ ವಿಷಯ ಬರೆದಿದ್ದರು, ಬೀಳ್ಕೊಡಲು ಬಂದದ್ದು ಸಂತೋಷ ಎಂದು ಪುಷ್ಪಮೇರಿ ಮರ್ಯಾದೆಯಿಂದ ಚಾಪೆ ಹಾಸಿದಳು. ಲೂರ್ದಮ್ಮ ಕೂರಲಿಲ್ಲ. ಕೂತರೆ ಹೇಳಲಾರೆನೆಂದು ಅವಳಿಗೆ ಗೊತ್ತಿತ್ತು.

"ಬೀಳ್ಕೊಡಲು ಬಂದಿಲ್ಲಮ್ಮ," ಎಂದಳು. "ನಿಮ್ಮ ತಂದೆಯವರನ್ನ ಒಂದು ಮಾತು ಕೇಳಬೇಕು. ಹಿಂದೆ ಒಂದು ಸಲ ಬೇರೆಯವರ ಕೈಲಿ ಹೇಳಿ ಕಳಿಸಿದ್ದೆ, ಅದು ತಲುಪಲಿಲ್ಲ. ಈ ಸಲ ನೀವೂ ಎದುರಿಗಿರಬೇಕು ಅನ್ನಿಸಿತು."

ಆಮೇಲೆ ಅವನ ಕಡೆ ತಿರುಗಿದಳು. ಅವನ ಕಣ್ಣಿನ ಆ ಚಿಕ್ಕ ಸುತ್ತಿನೊಳಗೆ ಬರುವಂತೆ ಸರಿಯಾಗಿ ಎದುರಿಗೆ ಹೋಗಿ ನಿಂತಳು.

"ಹೋಗಬೇಡಿ. ನನ್ನನ್ನ ಮದುವೆಯಾಗಿ."

ಬೀದಿಯಲ್ಲಿ ಜಟಕಾ ಒಂದು ಹಾದುಹೋಯಿತು. ಪುಷ್ಪಮೇರಿಯ ಮುಖ ಕೆಂಪಾಗಿತ್ತು. ಅವಳು ಗೋಡೆಯ ಪಟವನ್ನು ನೋಡಿದಳು, ತಂದೆಯನ್ನು ನೋಡಿದಳು.

"ಅಮ್ಮನಿಗೆ ಇವರ ವಿಷಯ ಗೊತ್ತಿತ್ತಾ ಅಪ್ಪ?"

"ಗೊತ್ತಿತ್ತು ಮಗಳೇ. ಮದುವೆಗೆ ಮುಂಚೆಯೇ ಹೇಳಿದ್ದೆ. ನಿಮ್ಮಮ್ಮನಿಗೆ ನಾನು ಯಾವುದನ್ನೂ ಕಡಿಮೆ ಮಾಡಲಿಲ್ಲ. ಅದು ಅವಳಿಗೂ ಗೊತ್ತಿತ್ತು."

"ನಿಮ್ಮ ಕಣ್ಣು ಪೂರ್ತಿ ಹೋದಮೇಲೆ? ಇವರಿಗೂ ವಯಸ್ಸಾಗಿದೆ. ಇಬ್ಬರಲ್ಲಿ ಯಾರು ಯಾರನ್ನ ನೋಡ್ಕೊಳ್ತೀರಿ?"

ಆ ಪ್ರಶ್ನೆಯಲ್ಲಿ ಕೋಪಕ್ಕಿಂತ ಭಯವೇ ಹೆಚ್ಚಿತ್ತು. ಭಯವನ್ನು ಲೂರ್ದಮ್ಮ ಚೆನ್ನಾಗಿ ಬಲ್ಲವಳು.

"ಗೊತ್ತಿಲ್ಲಮ್ಮ," ಎಂದಳು ಮೆಲ್ಲಗೆ. "ನನ್ನ ಎದೆಯೂ ಚೆನ್ನಾಗಿಲ್ಲ. ಹೆಚ್ಚು ದಿನ ಸಿಗುತ್ತೆ ಅಂತ ನಾನು ಹೇಳಲ್ಲ. ಇವರಿಗೆ ಕಾಣುವಷ್ಟು ದಿನ ಇಬ್ಬರೂ ನಡೆಯುತ್ತೀವಿ. ಆಮೇಲೂ ನಡೆಯುತ್ತೀವಿ, ಸ್ವಲ್ಪ ಕಡಿಮೆ. ನನ್ನ ಕೈಲಾಗದ ದಿನ ನಿಮಗೆ ಕಾಗದ ಬರೆಯುತ್ತೀನಿ. ಮುಚ್ಚಿಡಲ್ಲ."

ಪುಷ್ಪಮೇರಿ ಕಣ್ಣೊರೆಸಿಕೊಂಡಳು. ಕೊನೆಗೆ ಹಾಸಿಗೆಯ ಸುರುಳಿಯ ಮುಂದೆ ಮಂಡಿಯೂರಿ, ತಾನೇ ಬಿಗಿದಿದ್ದ ಹಗ್ಗದ ಗಂಟನ್ನು ಉಗುರಿನಿಂದ ಬಿಡಿಸತೊಡಗಿದಳು. ಗಂಟು ಬಿಡಲು ಸ್ವಲ್ಪ ಸಮಯ ಹಿಡಿಯಿತು. ಬಿಟ್ಟಮೇಲೆ ಕಾಫಿ ಮಾಡುತ್ತೇನೆಂದು ಒಳಗೆ ಹೋದಳು. ಅಡುಗೆಮನೆಯಲ್ಲಿ ಅವಳು ಸದ್ದಿಲ್ಲದೆ ಅಳುತ್ತಿದ್ದದ್ದು ಇಬ್ಬರಿಗೂ ತಿಳಿಯುತ್ತಿತ್ತು.

"ಉತ್ತರ ಹೇಳಲಿಲ್ಲ ನೀವು," ಎಂದಳು ಲೂರ್ದಮ್ಮ.

"ಹೂಂ ಅಂದೆ. ನಿಮಗೆ ಕೇಳಿಸಲಿಲ್ಲ. ಮಗಳು ಮಾತಾಡ್ತಿದ್ದಳು."

ಅವನು ಒಂದು ಹೆಜ್ಜೆ ಮುಂದೆ ಬಂದ. ಕಿಟಕಿಯ ಬೆಳಕು ಅವಳ ಮೇಲೆ ಬಿದ್ದಿತ್ತು.

"ಸ್ವಲ್ಪ ಅಲುಗಾಡದೆ ನಿಲ್ಲಿ ಲೂರ್ದಮ್ಮ. ಮುಖ ಒಟ್ಟಿಗೆ ಸಿಗಲ್ಲ ನನಗೆ. ಒಂದೊಂದೇ ಕಡೆ ನೋಡಬೇಕು."

"ನೋಡೋಕೆ ಏನಿದೆ? ಎಲ್ಲ ಬೆಳ್ಳಗಾಗಿದೆ."

"ಅದು ಹಣೆಯ ಹತ್ತಿರ. ನೋಡಿ ಆಯ್ತು."

ಅವಳು ಉಸಿರು ಬಿಗಿಹಿಡಿದು ನಿಂತಳು. ಅವನ ನೋಟ ಹುಬ್ಬಿನಿಂದ ಕನ್ನಡಕಕ್ಕೆ, ಅಲ್ಲಿಂದ ಕೆನ್ನೆಗೆ, ಒದ್ದೆಯ ಗೆರೆಯೊಂದರ ಜೊತೆ ಮೆಲ್ಲಗೆ ಕೆಳಗಿಳಿಯಿತು. ಇಪ್ಪತ್ತನಾಲ್ಕರಲ್ಲಿ ಯಾರೂ ಅವಳನ್ನು ಹೀಗೆ ನೋಡಿರಲಿಲ್ಲ.

"ಮುಗಿಯಿತೇ?" ಎಂದಳು.

"ಇಲ್ಲ. ಇನ್ನೂ ಗಲ್ಲದ ಹತ್ತಿರ ಇದ್ದೀನಿ. ಅವಸರವೇ?"

"ಇಲ್ಲ," ಎಂದಳು ಲೂರ್ದಮ್ಮ. "ನೋಡಿ."